ಹಿತ್ತಲ ಶೆಡ್ಡಿಗೆ ಪಾಯ ಹಾಕಿದ್ದು

ಹಿತ್ತಲಲ್ಲಿ ಶೆಡ್ ಕಟ್ಟುತ್ತೇನೆ ಅಂದರೆ ಜನ ಮೊದಲು ಕೇಳುವುದು ಶೀಟಿನ ಬಗ್ಗೆ. ಯಾವ ಶೀಟು, ಎಷ್ಟು ದಪ್ಪ, ಯಾವ ಬಣ್ಣ. ಪಾಯದ ಮಾತು ಯಾರೂ ಎತ್ತುವುದಿಲ್ಲ. ನಾಲ್ಕು ಕಂಬ ಹುಗಿದು ಮೇಲೆ ಶೀಟು ಹೊದೆಸಿದರೆ ಆಯಿತು, ಅಲ್ವಾ? ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಹಾಗೆ ಕಟ್ಟಿದ ಶೆಡ್‌ಗಳು ಬೇಕಾದಷ್ಟಿವೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒಂದು ಕಂಬ ಕೂತಿರುತ್ತದೆ. ಬಾಗಿಲು ನೆಲಕ್ಕೆ ಉಜ್ಜುತ್ತದೆ. ಒಳಗೆ ಕಾಲಿಟ್ಟರೆ ನೆಲ ಥಂಡಿ. ಹಾಗಾಗಿ ನಾನು ಶೀಟಿಗಿಂತ ಪಾಯದ ಬಗ್ಗೆಯೇ ಜಾಸ್ತಿ ತಲೆ ಕೆಡಿಸಿಕೊಂಡೆ. ಹೇಗೆ ಆರಿಸಿದೆ, ಹೇಗೆ ಕಟ್ಟಿಸಿದೆ ಅನ್ನುವುದನ್ನು ಬರೆಯುತ್ತೇನೆ. ಮಲೆನಾಡಿನಲ್ಲಿ ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗಕ್ಕೆ ಬರಬಹುದು.

ನಮಗೆ ಬೇಕಿದ್ದದ್ದು 10 ಅಡಿ ಅಗಲ, 12 ಅಡಿ ಉದ್ದದ ಜಾಗ. ವೀಡ್ ಕಟ್ಟರ್, ಔಷಧಿ ಹೊಡೆಯುವ ಪಂಪು, ಪೈಪಿನ ಸುರುಳಿಗಳು, ಏಣಿ, ಗೊಬ್ಬರದ ಚೀಲ, ಒಂದು ಬದಿಗೆ ಮಳೆಗಾಲದ ಸೌದೆ. ಇವುಗಳ ಜೊತೆಗೆ ಮೈಲುತುತ್ತ, ಸುಣ್ಣ. ಅಡಿಕೆ ತೋಟ ಇರುವವರು ಕೊಳೆ ರೋಗಕ್ಕೆ ಬೋರ್ಡೋ ಹೊಡೆಯದೆ ಮಳೆಗಾಲ ದಾಟಿಸುವ ಹಾಗಿಲ್ಲ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಲೆಕ್ಕ ಸುಲಭ. ಆದರೆ ಸುಟ್ಟ ಸುಣ್ಣಕ್ಕೆ ತೇವ ತಾಗಿದರೆ ಚೀಲದಲ್ಲೇ ಅರಳಿ ಪುಡಿಯಾಗುತ್ತದೆ. ಯೂರಿಯಾ ಗಾಳಿಯ ತೇವ ಎಳೆದುಕೊಂಡೇ ಹೆಂಟೆಯಾಗುತ್ತದೆ. ಹಾಗಾಗಿ ನನಗೆ ಬೇಕಿದ್ದದ್ದು ಎರಡು: ಅಲುಗಾಡದ ಕಟ್ಟಡ ಮತ್ತು ಒಣಗಿದ ನೆಲ. ಮಲೆನಾಡಿನಲ್ಲಿ ಎರಡನೆಯದೇ ಕಷ್ಟ. ಆಗುಂಬೆ ನಮ್ಮ ತಾಲೂಕಿನಲ್ಲೇ ಇದೆ. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮೂರಿಗೆ ಅಷ್ಟು ಬೀಳುವುದಿಲ್ಲ. ಆದರೂ ಜೂನ್ ಮಧ್ಯದಿಂದ ಆಗಸ್ಟ್ ಮುಗಿಯುವ ತನಕ ನೆಲ ಆರುವುದೇ ಇಲ್ಲ.

ಜಾಗ ನೋಡಲು ಬಂದ ಮೇಸ್ತ್ರಿ ಟೇಪು ಜೇಬಿನಿಂದ ತೆಗೆಯಲೇ ಇಲ್ಲ.

"ಮಾರಾಯ್ರೆ, ಮಳೆಗಾಲದಲ್ಲಿ ಇಲ್ಲಿ ನೀರು ಎಲ್ಲಿಂದ ಬರ್ತದೆ, ಎಲ್ಲಿಗೆ ಹೋಗ್ತದೆ? ಅದು ಹೇಳಿ ಮೊದಲು. ಪಾಯ ಎಂತದ್ದು ಅಂತ ಆಮೇಲೆ ನೋಡುವ."

ಮೇಲಿನಿಂದ ಸುರಿಯುವ ನೀರು ಎಲ್ಲರಿಗೂ ಕಾಣುತ್ತದೆ. ಅವರು ಕೇಳಿದ್ದು ನೆಲದೊಳಗಿನ ನೀರಿನ ಬಗ್ಗೆ. ಆಷಾಢದಲ್ಲಿ ಧರೆಯ, ಅಂದರೆ ಗುಡ್ಡ ಕಡಿದಲ್ಲಿ ಗೋಡೆಯಂತೆ ನಿಂತ ಮಣ್ಣಿನ, ಬುಡದಿಂದ ಜಿನುಗುವ ನೀರು. ಅಂಗಳದ ಒಂದು ಕಡೆ ಕಾಲಿಟ್ಟರೆ ಪಿಚಕ್ಕನೆ ಹೊಮ್ಮುವ ನೀರು. ಆ ವರ್ಷ ಕೆಲಸ ಶುರು ಮಾಡಲಿಲ್ಲ. ಮಳೆಗಾಲ ಪೂರ್ತಿ ಜಾಗ ನೋಡುವುದಕ್ಕೇ ಬಿಟ್ಟೆವು. ಇಡೀ ಕೆಲಸದಲ್ಲಿ ಇದಕ್ಕಿಂತ ಒಳ್ಳೆಯ ತೀರ್ಮಾನ ಇನ್ನೊಂದಿಲ್ಲ ಅಂತ ಈಗಲೂ ಅನ್ನಿಸುತ್ತದೆ.

ಮೂರು ಜಾಗ ಮನಸ್ಸಿನಲ್ಲಿತ್ತು. ಒಂದು ಮನೆ ಹಿಂದೆ ಧರೆಯ ಕೆಳಗೆ. ಅಲ್ಲಿ ಗಾಳಿಗೆ ಮರೆ ಇದೆ. ಇನ್ನೊಂದು ಬಾವಿಯ ಆಚೆ. ಅದು ಹಿಂದೆ ಜೆಸಿಬಿ ತಂದು ಗುಂಡಿಗೆ ಮಣ್ಣು ತುಂಬಿ ಸಮ ಮಾಡಿದ್ದ ಜಾಗ. ಮೂರನೆಯದು ಬಚ್ಚಲಮನೆಯ ಪಕ್ಕದ ಸಣ್ಣ ಇಳಿಜಾರು. ಮೂರೂ ಕಡೆ ಎರಡು ಅಡಿ ಆಳದ ಗುಂಡಿ ತೋಡಿದೆವು. ಮೇಲೆ ಹಳೇ ಶೀಟು ಮುಚ್ಚಿ, ಸುತ್ತ ಮಣ್ಣಿನ ಏರಿ ಕಟ್ಟಿದೆವು. ಮಳೆ ನೀರು ನೇರ ಒಳಗೆ ಬೀಳಬಾರದು, ಹರಿದೂ ಬರಬಾರದು. ಆಗ ಒಳಗೆ ಕಾಣುವುದು ನೆಲದ ನೀರು ಮಾತ್ರ.

ಧರೆ ಬುಡದ ಗುಂಡಿ ಜುಲೈನಲ್ಲಿ ಕಂಠಮಟ್ಟ ತುಂಬಿತ್ತು. ತೋಡಿ ಚೆಲ್ಲಿದರೆ ಮತ್ತೆ ಬಂತು. ಆ ಜಾಗ ಅಲ್ಲಿಗೇ ಬಿಟ್ಟೆ. ನೀರಿನ ಮಾತು ಬಿಡಿ, ಧರೆಯ ಕೆಳಗೆ ಕಟ್ಟುವುದೇ ಅಪಾಯ. ಮಣ್ಣು ನೀರು ಕುಡಿದು ಜರಿದರೆ ಶೆಡ್ ಇರಲಿ, ಒಳಗಿದ್ದವರ ಗತಿ ಏನು? ಧರೆ ಎಷ್ಟು ಎತ್ತರ ಇದೆಯೋ ಕನಿಷ್ಠ ಅಷ್ಟು ದೂರ ಬಿಟ್ಟೇ ಕಟ್ಟಬೇಕು ಅಂತ ನಿರ್ಧರಿಸಿದೆ. ಬಾವಿ ಕಡೆಯ ಗುಂಡಿಯಲ್ಲಿ ನೀರು ಜಾಸ್ತಿ ಇರಲಿಲ್ಲ. ಆದರೆ ಹಾರೆ ಹಾಕಿದರೆ ಸುಲಭಕ್ಕೆ ಒಳಗಿಳಿಯುತ್ತಿತ್ತು. ತುಂಬಿದ ಮಣ್ಣು ವರ್ಷಗಟ್ಟಲೆ ಕೂರುತ್ತಲೇ ಇರುತ್ತದೆ, ಅದೂ ಒಂದೇ ಸಮ ಕೂರುವುದಿಲ್ಲ. ಬಚ್ಚಲಮನೆ ಪಕ್ಕದ ಗುಂಡಿಯಲ್ಲಿ ಜೋರು ಮಳೆಯ ದಿನ ತಳದಲ್ಲಿ ಸ್ವಲ್ಪ ನೀರು ಕಂಡಿತು, ಹೊಳವಾದ ಮಾರನೇ ದಿನ ಇಂಗಿತು. ಜಾಗ ಅದೇ ಅಂತಾಯಿತು. ಅಲ್ಲಿ ಹಲಸಿನ ಮರದ ಕೊಂಬೆ ಶೆಡ್ಡಿನ ಮೇಲೆ ಬರುತ್ತದಾ ಅಂತ ಅಮ್ಮ ಕೇಳಿದರು. ಬರುತ್ತಿತ್ತು. ಮರ ಕಡಿಯಲು ಮನಸ್ಸಾಗಲಿಲ್ಲ. ಶೆಡ್ಡನ್ನೇ ಆಚೆ ಸರಿಸಿದೆವು. ಬೇರಿನ ಕಾಟವೂ ತಪ್ಪಿತು.

ಈಗ ಯಾವ ಪಾಯ ಅನ್ನುವ ಮಾತು.

ಹೊರದೇಶದ ವಿಡಿಯೋಗಳಲ್ಲಿ ನೆಲಕ್ಕೆ ಜೆಲ್ಲಿ ಹಾಸಿ, ಅದರ ಮೇಲೆ ದಪ್ಪ ಮರದ ತೊಲೆ ಇಟ್ಟು, ಮೇಲೆ ಮರದ ಶೆಡ್ ಕೂರಿಸುವುದನ್ನು ನೋಡಿದ್ದೆ. ಅಲ್ಲಿಯ ಚಿಂತೆಯೇ ಬೇರೆ. ಚಳಿ ದೇಶಗಳಲ್ಲಿ ನೆಲದೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ, ಪಾಯವನ್ನೇ ಎತ್ತಿಬಿಡುತ್ತದೆ. ಅದಕ್ಕೇ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಪಾಯ ಇಳಿಸುತ್ತಾರೆ. ಸಣ್ಣ ಶೆಡ್ ಆದರೆ ಜೆಲ್ಲಿಯ ಹಾಸಿನ ಮೇಲೆ ತೇಲಿಸಿ ಬಿಡುತ್ತಾರೆ. ಜೆಲ್ಲಿ ನೀರನ್ನು ಕೆಳಗೆ ಬಿಡುತ್ತದೆ, ಅದು ಅದರ ಒಳ್ಳೇ ಗುಣ. ಆದರೆ ಆಷಾಢದ ಮಲೆನಾಡಿನಲ್ಲಿ ಕೆಳಗಿನ ಮಣ್ಣೇ ತುಂಬಿರುತ್ತದೆ. ಇಳಿದ ನೀರು ಎಲ್ಲಿಗೆ ಹೋಗಬೇಕು? ಜೆಲ್ಲಿಯೊಳಗೇ ನಿಲ್ಲುತ್ತದೆ. ಮೇಲೆ ಮರದ ತೊಲೆ, ಕೆಳಗೆ ಸದಾ ತೇವ. ಗೆದ್ದಲಿಗೆ ಬೇರೆ ಕರೆಯೋಲೆ ಬೇಕಾ?

ಮೋಟು ಕಂಬಗಳ ಮೇಲೆ ನೆಲ ಎತ್ತರಿಸಿ ಕಟ್ಟುವುದು ಇನ್ನೊಂದು ದಾರಿ. ನೀರು ಅಡಿಯಲ್ಲಿ ಹರಿದು ಹೋಗುತ್ತದೆ. ಖರ್ಚೂ ಕಡಿಮೆ. ಆದರೆ ತೋಟದ ಮನೆಯಲ್ಲಿ ನೆಲದಡಿ ಹಾಗೆ ಖಾಲಿ ಬಿಟ್ಟರೆ ಇಲಿ ಸೇರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಅಮ್ಮ ಸೌದೆ ತರಲು ಮುಸ್ಸಂಜೆಗೂ ಅಲ್ಲಿಗೆ ಹೋಗುವವರು. ಅದು ಬೇಡ ಅಂದೆ.

ಇಡೀ ಅಳತೆಗೆ ಒಂದೇ ಕಾಂಕ್ರೀಟ್ ಬೆಡ್ ಹಾಕಿಬಿಡುವುದು ಈಗ ಹೆಚ್ಚು ಚಾಲ್ತಿಯಲ್ಲಿದೆ. ಸಮತಟ್ಟಾದ ಗಟ್ಟಿ ನೆಲಕ್ಕೆ ಅದು ಒಳ್ಳೆಯದೇ. ಬೇಗ ಮುಗಿಯುತ್ತದೆ. ನಮ್ಮದು ಇಳಿಜಾರು. ಮೇಲ್ಗಡೆ ಕೆತ್ತಿ, ಆ ಮಣ್ಣನ್ನೇ ಕೆಳಗಡೆ ತುಂಬಿ ಸಮ ಮಾಡಬೇಕು. ಆಗ ಬೆಡ್ಡಿನ ಅರ್ಧ ಗಟ್ಟಿ ನೆಲದ ಮೇಲೆ, ಇನ್ನರ್ಧ ತುಂಬಿದ ಮಣ್ಣಿನ ಮೇಲೆ ಕೂರುತ್ತದೆ. ಕೆಳಗಿನರ್ಧ ಕುಸಿದಾಗ ಎರಡೂ ಸೇರುವ ಗೆರೆಯಲ್ಲೇ ಬಿರುಕು ಬಿಡುತ್ತದೆ. ಊರಲ್ಲಿ ಇಂಥ ಬಿರುಕು ಎರಡು ಮೂರು ಕಡೆ ನೋಡಿದ್ದೆ. ಎಲ್ಲವೂ ನಡುಮಧ್ಯದಲ್ಲಿ, ಇಳಿಜಾರಿಗೆ ಅಡ್ಡವಾಗಿ.

ಕೊನೆಗೆ ಉಳಿದದ್ದು ಹಳೇ ಪದ್ಧತಿ. ಸುತ್ತ ಕಲ್ಲಿನ ಪಾಯ, ಒಳಗೆ ಮಣ್ಣು ತುಂಬಿ ದಿಮ್ಮಸು (ಮಣ್ಣು ಬಡಿದು ಗಟ್ಟಿ ಮಾಡುವ ಸಾಧನ) ಹೊಡೆದು ಮೇಲೆ ಕಾಂಕ್ರೀಟ್ ನೆಲ. ಕಲ್ಲಿನ ಗೋಡೆ ಒಳಗಿನ ಮಣ್ಣನ್ನು ಹಿಡಿದಿಡುತ್ತದೆ, ನೆಲ ಎತ್ತರಕ್ಕೂ ಬರುತ್ತದೆ. ನಮ್ಮ ಹಳೇ ಮನೆಗಳು ಎತ್ತರದ ಜಗುಲಿ ಮೇಲೆ ಕೂತಿರುವುದು, ಮಾಡು (ಸೂರು) ಅಷ್ಟು ದೂರ ಇಳಿಬಿಟ್ಟಿರುವುದು ಸುಮ್ನೆ ಅಲ್ಲ. ಮಣ್ಣಿನ ಗೋಡೆಗೆ ನೀರು ಮುಟ್ಟದಂತೆ ಕಟ್ಟಿದವರು ಅವರು.

ಕಲ್ಲು ಯಾವುದು ಅನ್ನುವುದಕ್ಕೆ ಮೇಸ್ತ್ರಿಯ ಜೊತೆ ಒಂದಿಷ್ಟು ಚರ್ಚೆ ಆಯಿತು. ಜಂಬಿಟ್ಟಿಗೆ ನಮ್ಮಲ್ಲಿ ಸುಲಭಕ್ಕೆ ಸಿಗುತ್ತದೆ, ನನಗೆ ಆ ಕೆಂಪು ಬಣ್ಣ ಇಷ್ಟ ಕೂಡ. ನೆಲದಿಂದ ಕೊಯ್ಯುವಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಗಟ್ಟಿಯಾಗುವ ಕಲ್ಲು ಅದು. ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಟಿಪ್ಪು ಕಾಲದ ನಂತರ ಮೈಸೂರು, ಮಲಬಾರು ಸುತ್ತಿ ಬರೆದು 1807ರಲ್ಲಿ ಪ್ರಕಟಿಸಿದ ಪ್ರವಾಸ ವರದಿಯಲ್ಲೇ ಈ ಗುಣವನ್ನು ಗಮನಿಸಿ ಬರೆದಿದ್ದಾನೆ. ಆದರೆ ಈ ಕಲ್ಲಿನ ತುಂಬ ತೂತು. ನೀರು ಕುಡಿಯುತ್ತದೆ. ಸದಾ ತೇವದಲ್ಲಿ ಹೂತಿಟ್ಟರೆ ಗಟ್ಟಿಯಾಗುವ ಅವಕಾಶವೇ ಸಿಗುವುದಿಲ್ಲ. ಅದಕ್ಕೆ ನೆಲದೊಳಗೆ ಕರಿಕಲ್ಲಿನ ಸೈಜುಗಲ್ಲು, ನೆಲದ ಮೇಲೆ ಕಾಣುವಷ್ಟು ಭಾಗಕ್ಕೆ ಜಂಬಿಟ್ಟಿಗೆ ಅಂತ ಒಪ್ಪಂದವಾಯಿತು. ಹಳೇ ಕೊಟ್ಟಿಗೆ ಕಿತ್ತಾಗ ಉಳಿದಿದ್ದ ಜಂಬಿಟ್ಟಿಗೆ ಮನೆಯಲ್ಲೇ ರಾಶಿ ಇತ್ತು. ಅವು ಎಷ್ಟೋ ವರ್ಷ ಬಿಸಿಲು ಕಂಡ ಕಲ್ಲುಗಳು, ಹೊಸದಕ್ಕಿಂತ ಒಳ್ಳೆಯವು.

ಅಡಿಕೆ ಸುಗ್ಗಿ ಮುಗಿಯದೆ ಆಳು ಸಿಗುವುದಿಲ್ಲ. ಕೆಲಸ ಶುರುವಾದದ್ದು ಫೆಬ್ರವರಿಯಲ್ಲಿ.

ಗುರುತು ಹಾಕುವುದಕ್ಕೆ ಅರ್ಧ ದಿನ ಹಿಡಿಯಿತು. ಅದಕ್ಕೆ ಅವಸರ ಮಾಡಬಾರದು. ಗೂಟ ಹೊಡೆದು ದಾರ ಕಟ್ಟಿದ ಮೇಲೆ ಮೂಲೆ ಮಟ್ಟಕ್ಕೆ ಇದೆಯಾ ನೋಡಲು 3-4-5 ಲೆಕ್ಕ. ಮೂಲೆಯಿಂದ ಒಂದು ಬದಿಗೆ 6 ಅಡಿ, ಇನ್ನೊಂದು ಬದಿಗೆ 8 ಅಡಿ ಗುರುತು ಮಾಡಿದರೆ ಆ ಎರಡು ಗುರುತುಗಳ ನಡುವೆ ಸರಿಯಾಗಿ 10 ಅಡಿ ಬರಬೇಕು. ಆಮೇಲೆ ಮೂಲೆಯಿಂದ ಮೂಲೆಗೆ ಎರಡೂ ಓರೆ ಅಳತೆ ಹಿಡಿದೆವು. 10 ಅಡಿಗೆ 12 ಅಡಿ ಆದರೆ ಅದು ಸುಮಾರು 15 ಅಡಿ ಏಳೂವರೆ ಇಂಚು. ಎರಡೂ ಓರೆ ಒಂದೇ ಬಂದರೆ ಮಾತ್ರ ಮುಂದೆ. ಎತ್ತರ ನೋಡಲು ನೀರು ತುಂಬಿದ ಪಾರದರ್ಶಕ ಪೈಪು. ಅದರೊಳಗೆ ಒಂದು ಗಾಳಿಗುಳ್ಳೆ ಉಳಿದರೂ ಮಟ್ಟ ಸುಳ್ಳು ಹೇಳುತ್ತದೆ. ಹಾಗಾಗಿ ನೀರು ತುಂಬಿಸಿ, ಪೈಪು ತಟ್ಟಿ, ಎರಡು ತುದಿ ಜೊತೆಗೆ ಹಿಡಿದು ಒಂದೇ ಎತ್ತರ ಇದೆಯಾ ಅಂತ ಮೊದಲು ನೋಡಿಕೊಳ್ಳಬೇಕು. ಅಳೆದಾಗ ಮೇಲಿನ ಮೂಲೆಗೂ ಕೆಳಗಿನ ಮೂಲೆಗೂ ಒಂದಡಿ ವ್ಯತ್ಯಾಸ ಕಂಡಿತು. ಕಣ್ಣಿಗೆ ಅಷ್ಟಿದೆ ಅಂತ ಅನ್ನಿಸುವುದೇ ಇಲ್ಲ.

ಪಾಯ ತೋಡುವಾಗ ಮೂರು ಮೂಲೆಗಳಲ್ಲಿ ಒಂದೂವರೆ ಅಡಿಗೇ ಗಟ್ಟಿ ಗೊಚ್ಚುಮಣ್ಣು ಸಿಕ್ಕಿತು. ಪಿಕಾಸಿ ಹಾಕಿದರೆ ಠಣ್ ಅನ್ನುತ್ತಿತ್ತು. ಕೆಳಗಿನ ಎಡ ಮೂಲೆಯಲ್ಲಿ ಮಾತ್ರ ಬೇರೆ ಬಣ್ಣ ಕಂಡಿತು. ಬಿಳಿಗೆಂಪು ಛಾಯೆಯ ನುಣ್ಣಗಿನ ಮಣ್ಣು. ಕೆಲಸದವರು ಅದನ್ನೂ ಗಟ್ಟಿ ನೆಲ ಅಂದುಕೊಂಡರು. ಒಣಗಿದ್ದಾಗ ಗುದ್ದಲಿಗೂ ಬಗ್ಗುತ್ತಿರಲಿಲ್ಲ. ಮೇಸ್ತ್ರಿ ಒಂದು ಹೆಂಟೆ ಎತ್ತಿಕೊಂಡು ಅಂಗೈಯಲ್ಲಿಟ್ಟು ನೀರು ಹಾಕಿದರು. ಎರಡು ಸಲ ತಿಕ್ಕಿದ್ದೇ ಬೆಣ್ಣೆ ಹಾಗೆ ಬೆರಳ ಸಂದಿಯಲ್ಲಿ ಜಾರಿತು.

"ಇದು ಶೇಡಿ ಮಾರಾಯ್ರೆ. ಬೇಸಗೇಲಿ ಕಲ್ಲು, ಮಳೆಗಾಲದಲ್ಲಿ ಎಂತದೂ ಇಲ್ಲ. ಇದರ ಮೇಲೆ ಕಲ್ಲು ಇಡೂದಿಲ್ಲ ನಾನು."

ಗೋಡೆಗೆ ಬಳಿಯುವ, ಹಸೆ ಬರೆಯುವ ಶೇಡಿ ನಮಗೆಲ್ಲ ಗೊತ್ತು. ಜಂಬಿಟ್ಟಿಗೆ ಪದರದ ಕೆಳಗೆ ಹೀಗೆ ಶೇಡಿ ಮಣ್ಣು ಇರುವುದು ಮಲೆನಾಡು, ಕರಾವಳಿ ಎರಡೂ ಕಡೆ ಸಾಮಾನ್ಯ. ಒಣಗಿದ್ದಾಗ ಎಷ್ಟು ಭಾರ ಬೇಕಾದರೂ ಹೊರುತ್ತದೆ. ನೀರು ತುಂಬಿದರೆ ಆ ಶಕ್ತಿ ಹೊರಟು ಹೋಗುತ್ತದೆ. ಕಡಿದ ಗುಡ್ಡ ಜರಿಯುವುದರಲ್ಲೂ ಇದರ ಪಾಲು ದೊಡ್ಡದು. ಪಾಯ ತೋಡುವುದು ಬೇಸಗೆಯಲ್ಲಿ. ಆಗ ಈ ಮಣ್ಣು ಯಾರನ್ನು ಬೇಕಾದರೂ ನಂಬಿಸುತ್ತದೆ. ಆ ಒಂದು ಬೊಗಸೆ ನೀರಿನ ಪರೀಕ್ಷೆಯನ್ನು ನಾನು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ.

ಆ ಮೂಲೆಯನ್ನು ಶೇಡಿ ಮುಗಿದು ಗೊಚ್ಚು ಸಿಗುವ ತನಕ ತೋಡಿಸಿದೆ. ಹತ್ತಿರ ಹತ್ತಿರ ಮೂರಡಿ ಆಯಿತು. ಇಲ್ಲಿ ಒಂದು ವಿಷಯ. ಆಳ ಬೇರೆ ಬೇರೆ ಆದಾಗ ಪಾಯದ ತಳವನ್ನು ಓರೆಯಾಗಿ ಬಿಡಬಾರದು, ಮೆಟ್ಟಿಲು ಮಾಡಬೇಕು. ಓರೆ ತಳದ ಮೇಲೆ ಕೂತ ಕಲ್ಲು ಕೆಳಗಡೆಗೆ ಜಾರಲು ನೋಡುತ್ತದೆ. ಮೆಟ್ಟಿಲಾದರೆ ಪ್ರತಿ ಹಂತವೂ ಮಟ್ಟವಾಗಿರುತ್ತದೆ. ತಳಕ್ಕೆ ನೀರು ಚಿಮುಕಿಸಿ ದಿಮ್ಮಸು ಹೊಡೆದು 1:4:8 ಅಳತೆಯ ಕಾಂಕ್ರೀಟ್ 4 ಇಂಚು ಹಾಕಿದೆವು. ಅಂದರೆ ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಎಂ-ಸ್ಯಾಂಡ್, ಎಂಟು ಪಾಲು ದಪ್ಪ ಜೆಲ್ಲಿ.

ಅದರ ಮೇಲೆ ಒಂದೂವರೆ ಅಡಿ ಅಗಲಕ್ಕೆ ಕಲ್ಲಿನ ಕಟ್ಟಣೆ. ಗಾರೆ 1:6. ಮೇಸ್ತ್ರಿ ಪ್ರತಿ ವರಸೆಯಲ್ಲೂ ಗೋಡೆಯ ಈ ಮುಖದಿಂದ ಆ ಮುಖಕ್ಕೆ ಮುಟ್ಟುವ ಉದ್ದ ಕಲ್ಲು ಅಲ್ಲಲ್ಲಿ ಕೂರಿಸಿದರು. ಅವಿಲ್ಲದಿದ್ದರೆ ಹೊರಮುಖ, ಒಳಮುಖ ಎರಡು ತೆಳು ಗೋಡೆಗಳಾಗಿ ಕ್ರಮೇಣ ಬಿಟ್ಟುಕೊಳ್ಳುತ್ತವೆ. ನಡುವಿನ ಸಂದಿಗೆ ಬರೀ ಗಾರೆ ಸುರಿಯದೆ ಚಕ್ಕೆಕಲ್ಲು ಬಡಿದು ಕೂರಿಸಿದರು. ನೆಲದ ಮಟ್ಟದಿಂದ ಮೇಲೆ ಜಂಬಿಟ್ಟಿಗೆ. ಮೇಲ್ಗಡೆ ಒಂದೂವರೆ ಅಡಿ, ಕೆಳಗಡೆ ಎರಡೂವರೆ ಅಡಿ ಎತ್ತರ ಬಂತು. ಶೆಡ್ಡಿಗೆ ಇಷ್ಟು ಎತ್ತರ ಎಂತಕ್ಕೆ ಅಂತ ಪಕ್ಕದ ಮನೆಯ ಅಣ್ಣಯ್ಯ ಕೇಳಿದರು. ಮಾಡಿನ ನೀರು ನೆಲಕ್ಕೆ ಬಿದ್ದು ಸಿಡಿಯುವ ಎತ್ತರ ನೋಡಿ ಅಂದೆ. ಅವರ ಕೊಟ್ಟಿಗೆಯ ಗೋಡೆಯಲ್ಲೇ ಆ ಕೆಂಪು ಗೆರೆ ಕಾಣುತ್ತದೆ, ಒಂದಡಿಗಿಂತ ಮೇಲೇ ಇದೆ.

ಕಂಬಕ್ಕೆ ಜಿಐ ಪೈಪು. ಶೀಟಿನ ಶೆಡ್ಡಿಗೆ ಭಾರದ ಚಿಂತೆಗಿಂತ ಗಾಳಿಯ ಚಿಂತೆ ಜಾಸ್ತಿ. ಮೇ ತಿಂಗಳ ಗುಡುಗು ಮಳೆಯ ಗಾಳಿ ಶೀಟಿನ ಅಡಿಗೆ ಹೊಕ್ಕರೆ ಇಡೀ ಮಾಡನ್ನೇ ಎತ್ತಲು ನೋಡುತ್ತದೆ. ಆಗ ಕಂಬವನ್ನು ಕೆಳಗೆ ಎಳೆದು ಹಿಡಿಯುವ ತೂಕ ಬೇಕು. ಆರು ಕಂಬಗಳ ಅಡಿಗೂ ಒಂದೂವರೆ ಅಡಿ ಉದ್ದ, ಅಗಲ, ಎತ್ತರದ ಕಾಂಕ್ರೀಟ್ ಗಟ್ಟಿಗಳನ್ನು ಕಟ್ಟಣೆಯ ಜೊತೆಗೇ ಹಾಕಿದೆವು. ಒಂದೊಂದು ಸುಮಾರು 230 ಕೆಜಿ ತೂಗುತ್ತದೆ. ಅದರೊಳಗೆ ತುದಿ ಬಗ್ಗಿಸಿದ ಬೋಲ್ಟ್‌ಗಳು, ಮೇಲೆ ಪ್ಲೇಟು, ಪ್ಲೇಟಿಗೆ ಕಂಬ. ಕಬ್ಬಿಣವೂ ಮಣ್ಣಿಗೆ ಮುಟ್ಟುವುದಿಲ್ಲ, ಮರವೂ ಮುಟ್ಟುವುದಿಲ್ಲ.

ಗೆದ್ದಲಿಗೆ ಪಾಯದ ಮಣ್ಣಿಗೆ ಔಷಧಿ ಹೊಡೆಯುವವರಿದ್ದಾರೆ. ನಾನು ಬೇಡ ಅಂದೆ. ಬಾವಿ ದೂರವಿಲ್ಲ, ನಾವು ಕುಡಿಯುವುದು ಅದೇ ನೀರು. ಅದರ ಬದಲು ಎರಡು ಕೆಲಸ ಮಾಡಿದೆವು. ಒಳಗೆ ತುಂಬುವ ಮಣ್ಣಿನಲ್ಲಿ ಬೇರು, ಕಡ್ಡಿ, ಮರದ ಚಕ್ಕೆ ಒಂದೂ ಇರದಂತೆ ಆರಿಸಿ ತೆಗೆದೆವು. ಕಟ್ಟಣೆಯ ತಲೆಯ ಮೇಲೆ ಸುತ್ತ ಒಂದೂವರೆ ಇಂಚಿನ ಗಟ್ಟಿ ಕಾಂಕ್ರೀಟ್ ಪಟ್ಟಿ ಹಾಕಿದೆವು. ತೇವ ಮೇಲೇರದಂತೆ ತಡೆಯುವುದೂ ಅದೇ ಪಟ್ಟಿ. ಗೆದ್ದಲು ಹತ್ತಬೇಕಾದರೆ ಕಲ್ಲಿನ ಹೊರಮೈ ಮೇಲೆ ಮಣ್ಣಿನ ಗೂಡುದಾರಿ ಕಟ್ಟಿಕೊಂಡೇ ಬರಬೇಕು. ಅದು ಕಣ್ಣಿಗೆ ಕಾಣುತ್ತದೆ, ಕೆರೆದು ತೆಗೆಯಬಹುದು.

ಮಣ್ಣು ತುಂಬುವುದು ಬೇಜಾರಿನ ಕೆಲಸ. ಎಲ್ಲರೂ ಅವಸರ ಮಾಡುವುದೂ ಇಲ್ಲೇ. ಅರ್ಧ ಅಡಿ ತುಂಬು, ನೀರು ಹಾಕು, ದಿಮ್ಮಸು ಹೊಡಿ, ಮತ್ತೆ ಅರ್ಧ ಅಡಿ. ಒಂದೇ ಸಲ ಎರಡಡಿ ಸುರಿದು ಮೇಲಿಂದ ಬಡಿದರೆ ಮೇಲಿನ ಪದರ ಮಾತ್ರ ಗಟ್ಟಿಯಾಗುತ್ತದೆ. ನಾನು ಪಕ್ಕದಲ್ಲೇ ನಿಂತಿದ್ದೆ, ಆಗಾಗ ದಿಮ್ಮಸು ನಾನೂ ಹಿಡಿದೆ. ಮೇಲೆ ದಪ್ಪ ಕಲ್ಲು ಹಾಸಿ, ಪ್ಲಾಸ್ಟಿಕ್ ಹಾಳೆ ಹೊದೆಸಿ, 1:2:4ರ ಕಾಂಕ್ರೀಟ್ 4 ಇಂಚು. ಬಾಗಿಲ ಕಡೆಗೆ ಒಂದೂವರೆ ಇಂಚು ಇಳಿಜಾರು ಕೊಟ್ಟೆವು, ಬಿದ್ದ ನೀರು ಹೊರಗೆ ಹೋಗಲಿ ಅಂತ.

ಕಾಂಕ್ರೀಟ್ ಕಲಸುವಾಗ ನೀರಿನ ವಿಷಯದಲ್ಲಿ ನಾನು ಹಟ ಹಿಡಿದೆ. 50 ಕೆಜಿ ಚೀಲಕ್ಕೆ 25 ಲೀಟರ್ ಸುಮಾರು ಸಾಕು. ಎಳೆಯಲು ಸುಲಭವಾಗುತ್ತದೆ ಅಂತ ಇನ್ನೊಂದು ಕೊಡ ಸುರಿದರೆ, ಹೆಚ್ಚಿನ ನೀರು ಆರಿದ ಮೇಲೆ ಅಲ್ಲೆಲ್ಲ ಸಣ್ಣ ತೂತು ಉಳಿಯುತ್ತದೆ. ಬಲವೂ ಕಡಿಮೆ, ತೇವಕ್ಕೆ ದಾರಿಯೂ ಆಯಿತು. ಕಲಸುವಾಗ ಕಡಿಮೆ ನೀರು, ಗಟ್ಟಿಯಾದ ಮೇಲೆ ಧಾರಾಳ ನೀರು. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ ಕನಿಷ್ಠ 10 ದಿನ ತೇವ ಬೇಕು. ಗೋಣಿಚೀಲ ಹಾಸಿ ಬೆಳಿಗ್ಗೆ ಸಂಜೆ ನೆನೆಸಿದೆವು. ಮಾರ್ಚ್ ಬಿಸಿಲಿಗೆ ಮಧ್ಯಾಹ್ನವೇ ಒಣಗುತ್ತಿತ್ತು, ಆಗ ಅಮ್ಮನೇ ನೀರು ಚಿಮುಕಿಸುತ್ತಿದ್ದರು.

ಪಾಯದಷ್ಟೇ ಮುಖ್ಯ ಅಂತ ನಾನು ಹೇಳುವುದು ಮೇಲ್ಗಡೆಯ ಅಗಳು. ಶೆಡ್ಡಿನಿಂದ ಎರಡು ಮಾರು ಮೇಲೆ ಇಳಿಜಾರಿಗೆ ಅಡ್ಡವಾಗಿ ತೋಡಿ, ತಳಕ್ಕೆ ಕಲ್ಲು ಹಾಸಿ, ತೋಟದ ಬಸಿಗಾಲುವೆಗೆ ಸೇರಿಸಿದೆವು. ಗುಡ್ಡದ ನೀರು ಪಾಯಕ್ಕೆ ಬಂದು ಮುಟ್ಟುವ ಮೊದಲೇ ಬದಿಗೆ ಹೋಗಬೇಕು. ಮಾಡನ್ನು ಗೋಡೆಯಿಂದ ಎರಡಡಿ ಹೊರಗೆ ಚಾಚಿಸಿದೆವು. ನೀರು ಬೀಳುವ ಸಾಲಿಗೆ ಜೆಲ್ಲಿ ಹಾಕಿದೆವು, ಸಿಡಿಯದಿರಲಿ ಅಂತ.

ಒಂದು ಪೂರ್ತಿ ಮಳೆಗಾಲ ಕಳೆಯಿತು. ದೀಪಾವಳಿ ಹೊತ್ತಿಗೆ ಮತ್ತೆ ಪೈಪು ಹಿಡಿದು ನಾಲ್ಕೂ ಮೂಲೆ ನೋಡಿದೆವು. ಶೇಡಿ ಇದ್ದ ಮೂಲೆ ಕೂಡ ಇಟ್ಟ ಜಾಗದಲ್ಲೇ ಇತ್ತು. ನೆಲದಲ್ಲಿ ಕೂದಲೆಳೆಯಷ್ಟು ಒಂದು ಬಿರುಕು ಇದೆ. ಅದು ಕಾಂಕ್ರೀಟ್ ಆರುವಾಗ ಕುಗ್ಗಿ ಬಂದದ್ದು, ಅಂಚುಗಳು ಎರಡೂ ಒಂದೇ ಮಟ್ಟದಲ್ಲಿವೆ. ಒಂದು ಅಂಚು ಕೆಳಗಿಳಿದಿದ್ದರೆ ಚಿಂತೆ ಮಾಡಬೇಕಿತ್ತು. ಸುಣ್ಣದ ಚೀಲ ಒಣಗಿಯೇ ಇತ್ತು. ಅಗಳಿನಲ್ಲಿ ಮಾತ್ರ ಹಲಸಿನೆಲೆ ಕಟ್ಟಿಕೊಂಡು ಒಮ್ಮೆ ನೀರು ಉಕ್ಕಿತು. ಈಗ ಮಳೆ ಶುರುವಾಗುವ ಮುಂಚೆ ಒಂದು ಸಲ, ನಡುವೆ ಒಂದು ಸಲ ಕೆರೆಸುತ್ತೇವೆ.

ಹೊನ್ನಾಳಿ ಕಡೆ ಇರುವ ಭಾವ ಬಂದು ನೋಡಿ, ಇದೇ ಅಳತೆ ಬರೆದುಕೊಂಡು ಹೊರಟಿದ್ದರು. "ಭಾವ, ನಿಮ್ಮದು ಎರೆಮಣ್ಣು, ಇದು ಅಲ್ಲಿಗೆ ಆಗುವುದಿಲ್ಲ" ಅಂದೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಗೆಗೆ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ. ಒಂದೂವರೆ ಅಡಿ ಆಳದ ಕಲ್ಲಿನ ಪಾಯವನ್ನು ಅದು ವರ್ಷ ವರ್ಷ ಎತ್ತಿ ಇಳಿಸುತ್ತದೆ. ಅಲ್ಲಿ ಉಬ್ಬು ಕುಗ್ಗು ಮುಟ್ಟದ ಆಳಕ್ಕೆ ಇಳಿಯಬೇಕು. ಪಾಯದ ಅಡಿಗೂ ಬದಿಗೂ ಎರೆ ತೆಗೆದು ಗರಸು ತುಂಬಬೇಕು. ನೆಲದಡಿಗೂ ಅದೇ ಗರಸು ಬೇಕು, ಕಿತ್ತ ಎರೆಯನ್ನು ವಾಪಸ್ ತುಂಬಿದರೆ ಕಾಂಕ್ರೀಟ್ ನೆಲ ಒಡೆಯುತ್ತದೆ. ಎಷ್ಟು ಆಳ ಅನ್ನುವುದು ಅಲ್ಲಿಯ ಮಣ್ಣು ಗೊತ್ತಿರುವ ಅಲ್ಲಿಯ ಮೇಸ್ತ್ರಿ ಹೇಳಬೇಕು. ನಮ್ಮ ಮೇಸ್ತ್ರಿಯನ್ನು ಕರೆದುಕೊಂಡು ಹೋಗಬೇಡಿ, ಅವರು ಬಂದರೂ ಇದನ್ನೇ ಹೇಳುತ್ತಾರೆ ಅಂದೆ. ಭಾವ ಈ ಬೇಸಗೆಯಲ್ಲಿ ಬಿರುಕಿಗೆ ಕೋಲು ಇಳಿಸಿ ಆಳ ನೋಡುತ್ತೇನೆ ಅಂದಿದ್ದಾರೆ.